ಸೇವ್ ಮಾಡಿದ ಮೇಲೆ ಸ್ಟೈಲ್ ಎಲ್ಲಿ ಹೋಯಿತು?

ವಿಶುವಲ್ ಎಡಿಟರ್‌ನಲ್ಲಿ (ಪುಟವನ್ನು ಅದು ಕಾಣುವ ರೂಪದಲ್ಲೇ ತಿದ್ದುವ ಸಾಧನ) ವೆಬ್ ಪುಟ ತೆರೆದು ಒಂದೇ ಒಂದು ಪದ ತಿದ್ದಿ ಸೇವ್ ಮಾಡುತ್ತೀರಿ. ಮತ್ತೆ ಸೋರ್ಸ್, ಅಂದರೆ ಪುಟದ ಕೋಡ್, ನೋಡಿದರೆ ಸ್ಟೈಲ್ ಆಟ್ರಿಬ್ಯೂಟ್‌ನಲ್ಲಿ (ಟ್ಯಾಗ್‌ನೊಳಗೇ ಬಣ್ಣ, ಅಳತೆ ಹೇಳುವ ಜಾಗ) ಬರೆದದ್ದರಲ್ಲಿ ಅರ್ಧ ಮಾಯ! ಎಡಿಟರ್ ಕೆಟ್ಟಿದೆ ಎಂದು ಬೇರೆಯದನ್ನು ಹುಡುಕುವ ಮೊದಲು, ಅದು ಎಲ್ಲಿ ಉದುರಿತು ಎಂದು ನೋಡಿ.

ಸಾಮಾನ್ಯವಾಗಿ ಯಾರೂ ಅನುಮಾನಿಸದ ಜಾಗ ಬ್ರೌಸರ್. ಅರ್ಥವಾಗದ ಗುಣ (ಬಣ್ಣ, ಅಂಚಿನಂಥ ಒಂದೊಂದು ಸೂಚನೆ) ಎದುರಾದರೆ ಅದೊಂದನ್ನೇ ಬಿಟ್ಟು ಮುಂದೆ ಸಾಗಬೇಕು ಎಂಬುದು ಪುಟದ ಅಲಂಕಾರ ಬರೆಯುವ ಭಾಷೆಯಾದ ಸಿಎಸ್‌ಎಸ್‌ನ 1996ರ ಮೊದಲ ಆವೃತ್ತಿಯಿಂದಲೂ ಇರುವ ನಿಯಮ. ಪುಟ ತೋರಿಸುವಷ್ಟಕ್ಕೆ ಇದು ಒಳ್ಳೆಯದೇ. ಆದರೆ ಎಡಿಟರ್ ಸ್ಕ್ರಿಪ್ಟ್ ಮೂಲಕ ಯಾವುದಾದರೂ ಬಣ್ಣ ಬದಲಿಸಿದೊಡನೆ ಬ್ರೌಸರ್ ತನಗೆ ಅರ್ಥವಾದದ್ದರಿಂದ ಮಾತ್ರ ಇಡೀ ಆಟ್ರಿಬ್ಯೂಟನ್ನು ಹೊಸದಾಗಿ ಬರೆಯುತ್ತದೆ. ಔಟ್‌ಲುಕ್‌ಗಾಗಿ ಇಮೇಲ್ ಟೆಂಪ್ಲೇಟ್‌ನಲ್ಲಿ ಹಾಕಿದ 'ಎಂಎಸ್‌ಒ' (ಮೈಕ್ರೋಸಾಫ್ಟ್ ಆಫೀಸ್‌ನ) ಗುಣಗಳು ಹೋಗುವುದು ಹೀಗೆ. ಹಳೆಯ ಬ್ರೌಸರ್‌ಗಳಿಗೆಂದು ಒಂದೇ ಗುಣವನ್ನು ಎರಡು ಸಲ ಬರೆದಿದ್ದರೆ ಬ್ರೌಸರ್‌ಗೆ ಅರ್ಥವಾದ ಕೊನೆಯದು ಮಾತ್ರ ಉಳಿಯುತ್ತದೆ. #ff0000ದಂಥ ಹೆಕ್ಸ್ ಬಣ್ಣಗಳು rgb(255, 0, 0) ಎಂಬಂಥ ಆರ್‌ಜಿಬಿ ಸಂಖ್ಯೆಗಳಾಗುತ್ತವೆ. ಟೈನಿಎಂಸಿಇ ಎಂಬ ಎಡಿಟರ್ ಮೂಲ ಸ್ಟೈಲ್‌ನ ಪ್ರತಿಯನ್ನು ಬೇರೊಂದು ಆಟ್ರಿಬ್ಯೂಟ್‌ನಲ್ಲಿ ಇಟ್ಟುಕೊಳ್ಳುವುದು ಬ್ರೌಸರ್‌ನ ಈ ಚಾಳಿಯಿಂದಾಗಿಯೇ.

ಎರಡನೆಯದು ಎಡಿಟರ್‌ನದೇ ಜರಡಿ. 2013ರಲ್ಲಿ ಬಂದ ಸಿಕೆಎಡಿಟರ್ 4.1ರಿಂದ, ಚಾಲೂ ಇರುವ ಬಟನ್‌ಗಳು ಏನು ಮಾಡಬಲ್ಲವೋ ಅಷ್ಟೇ ಉಳಿಯುವುದು ಡೀಫಾಲ್ಟ್ ಆಯಿತು. ಬಣ್ಣದ ಬಟನ್ ತೆಗೆದರೆ ಬಣ್ಣವೂ ಹೋಯಿತು. ಬೇಕಾದ ಗುಣವನ್ನು ಸೆಟ್ಟಿಂಗ್‌ನಲ್ಲಿ ಹೆಸರಿಸಿದರೆ ಮುಗಿಯಿತು.

ಮೂರನೆಯದು ಸರ್ವರ್‌ನ ಫಿಲ್ಟರ್. ವರ್ಡ್‌ಪ್ರೆಸ್‌ನಲ್ಲಿ ಅಡ್ಮಿನ್ ಬರೆದದ್ದು ಉಳಿದು, ಅದನ್ನೇ ಆಥರ್ ಸೇವ್ ಮಾಡಿದಾಗ ಹೋಗುತ್ತಿದ್ದರೆ ಕಾರಣ ಇದು: ಫಿಲ್ಟರ್ ಇಲ್ಲದೆ ಬರೆಯುವ ಅನುಮತಿ ಆಥರ್‌ಗೆ ಇರುವುದಿಲ್ಲ.

ಪತ್ತೆ ಮಾಡುವುದು ಸುಲಭ. ಸೋರ್ಸ್‌ನಲ್ಲಿ ಬರೆದು, ವಿಶುವಲ್‌ಗೆ ಹೋಗಿ, ಎಂದಿನಂತೆ ತಿದ್ದಿ, ಸೇವ್ ಮಾಡದೆ ಸೋರ್ಸ್‌ಗೆ ಮರಳಿ. ಆಗಲೇ ಹೋಗಿದ್ದರೆ ಎಡಿಟರ್ ಅಥವಾ ಬ್ರೌಸರ್. ಸೇವ್ ಆದ ಮೇಲಷ್ಟೇ ಹೋದರೆ ಸರ್ವರ್.

ದಯವಿಟ್ಟು ಸಿಟ್ಟಿನಲ್ಲಿ ಸರ್ವರ್ ಫಿಲ್ಟರನ್ನೇ ಆಫ್ ಮಾಡಬೇಡಿ. ಸ್ಟೈಲ್ ಮೂಲಕವೇ ಪುಟದ ಮೇಲೆ ನಕಲಿ ಲಾಗಿನ್ ಪೆಟ್ಟಿಗೆಯೊಂದನ್ನು ಹೊದಿಸಬಹುದು. ಓದುಗರ ಪಾಸ್‌ವರ್ಡ್ ಹೋಗಲು ಅಷ್ಟು ಸಾಕು. ಅಲಂಕಾರವೆಲ್ಲ ಪ್ರತ್ಯೇಕ ಸ್ಟೈಲ್‌ಶೀಟ್‌ನಲ್ಲಿರಲಿ, ಪುಟದಲ್ಲಿ ಕ್ಲಾಸ್ ಹೆಸರು (ಆ ಸ್ಟೈಲ್‌ಶೀಟ್‌ನ ನಿಯಮಕ್ಕೆ ಜೋಡಿಸುವ ಹೆಸರು) ಮಾತ್ರ ಇರಲಿ. ಎಡಿಟರ್ ಆ ಕಡತವನ್ನು ಮುಟ್ಟುವುದೇ ಇಲ್ಲ. ಕ್ಲಾಸ್‌ಗೆ ಅನುಮತಿ ಇದೆಯೇ ಎಂದು ಮಾತ್ರ ಒಮ್ಮೆ ಪರೀಕ್ಷಿಸಿ. ಇಮೇಲ್‌ನಲ್ಲಿ ಈ ದಾರಿಯನ್ನು ಪೂರ್ತಿ ನಂಬುವಂತಿಲ್ಲ. ಅಲ್ಲಿ ಟೆಂಪ್ಲೇಟನ್ನು ಕೋಡ್ ಎಡಿಟರ್‌ನಲ್ಲೇ ತಿದ್ದಿ, ಪಠ್ಯದ ಭಾಗವನ್ನಷ್ಟೇ ವಿಶುವಲ್ ಎಡಿಟರ್‌ಗೆ ಬಿಟ್ಟುಕೊಡಿ.