ಬಳೆ, ಬಾಳೆ, ಬೆಳೆ, ಬೇಳೆ

‘ಕಾಗುಣಿತ ಪೂರ್ತಿ ಬಾಯಿಪಾಠ ಮೇಡಂ, ಪುಸ್ತಕ ಕೊಟ್ರೆ ಮಾತ್ರ ಓದೋಕೆ ಬರಲ್ಲ.’ ಸಾಗರ, ತೀರ್ಥಹಳ್ಳಿ ಕಡೆಯಿಂದ ಬರುವ ತಂದೆತಾಯಂದಿರು ನನ್ನಲ್ಲಿ ಹೆಚ್ಚಾಗಿ ಹೇಳಿಕೊಳ್ಳುವುದು ಇದನ್ನೇ. ಅಂಥ ಮಗುವಿಗೆ ಇನ್ನಷ್ಟು ತಿದ್ದಿಸುವ ಬದಲು ನಾನು ಸ್ಲೇಟನ್ನು ಬದಿಗಿಡುತ್ತೇನೆ. ಮಾತಿನೊಳಗಿನ ಸದ್ದುಗಳನ್ನು ಬಿಡಿಸಿ ಕೇಳಲು, ಮತ್ತೆ ಕೂಡಿಸಲು ಕಿವಿ ಪಳಗಿದೆಯೇ ಎಂದು ಮೊದಲು ನೋಡಬೇಕು. ಧ್ವನಿ ಅರಿವು ಎನ್ನುವುದು ಇದಕ್ಕೇ.

‘ಹ-ಲ-ಸು’ ಎಂದು ಮೂರು ಚಪ್ಪಾಳೆ ತಟ್ಟುವುದು ನಾಲ್ಕು ವರ್ಷದ ಮಗುವಿಗೂ ಕಷ್ಟವಲ್ಲ. ಕನ್ನಡದ ಬರಹವೂ ಹೆಚ್ಚುಕಡಿಮೆ ಹಾಗೆಯೇ ಸಾಗುತ್ತದೆ. ಸರ್ಕಾರಿ ಶಾಲೆಯ ನಲಿಕಲಿ ತರಗತಿಯಲ್ಲಿ ರ, ಗ, ಸ, ದ, ಅ ಕಲಿತ ಮಗು ಬೇಗನೆ ಸರ, ಅರಸ, ಗರಗಸ ಓದುವುದು ಇದರಿಂದಲೇ. ತೊಡಕಿರುವುದು ಅಕ್ಷರದ ಒಳಗೆ. ‘ಕಿ’ಯಲ್ಲಿ ಕ್ ಮತ್ತು ಇ ಸೇರಿವೆ ಎಂಬುದು ತಾನಾಗಿ ಹೊಳೆಯುವುದಿಲ್ಲ. ಕಾಗುಣಿತವನ್ನು ರಾಗವಾಗಿ ಕಲಿತ ಮಗುವಿಗೆ ‘ಕೇ’ ತೋರಿಸಿ. ‘ಕ ಕಾ ಕಿ’ ಎಂದು ಮೊದಲಿನಿಂದ ಹೇಳಿಕೊಂಡು ಅಲ್ಲಿಗೆ ಬರುತ್ತದೆ.

ಇದಕ್ಕೆ ನಾನು ಹೇಳಿಕೊಡುವ ಆಟಕ್ಕೆ ಬೇಕಾದ್ದೆಲ್ಲ ಮಲೆನಾಡಿನ ಮನೆಯಲ್ಲೇ ಇದೆ. ಅಮ್ಮನ ಬಳೆ, ಹಿತ್ತಲ ಬಾಳೆ, ಗದ್ದೆಯ ಬೆಳೆ, ಡಬ್ಬಿಯ ಬೇಳೆ. ಮೊದಲು ಬಳೆ, ಬಾಳೆ ಎರಡನ್ನೇ ಹೇಳಿ, ‘ಯಾವುದು ಉದ್ದ?’ ಎಂದು ಕೇಳಿ. ‘ಬಾ’ವನ್ನು ಎಳೆದರೆ ಬಾಯಲ್ಲಿ ಕೊನೆಗೆ ಉಳಿಯುವುದು ‘ಆ’. ಅದನ್ನು ಮಗುವೇ ಕಂಡುಕೊಳ್ಳಲಿ. ಆಮೇಲೆ ಬಳೆ, ಬೆಳೆ. ಇಲ್ಲಿ ಉದ್ದ ಒಂದೇ, ತುಟಿ ಅಗಲವಾಗುವುದನ್ನು ಕನ್ನಡಿಯಲ್ಲಿ ತೋರಿಸಿ. ದಿನಕ್ಕೆ ಐದು ನಿಮಿಷ ಸಾಕು, ಪೆನ್ಸಿಲ್ ಬೇಡ.

ಒತ್ತಕ್ಷರದ ಕಷ್ಟವೇ ಬೇರೆ. ಕಿವಿಗೆ ಕೇಳುವುದು ‘ಅಕ್-ಕಿ’, ಬರೆಯುವುದು ‘ಅ-ಕ್ಕಿ’. ‘ಅಕಿ’ ಎಂದು ಬರೆದ ಮಗುವನ್ನು ದಯವಿಟ್ಟು ಗದರಬೇಡಿ. ನಿಧಾನವಾಗಿ ಹೇಳಿಸಿ, ನಡುವೆ ನಾಲಿಗೆ ಒಂದು ಕ್ಷಣ ತಡೆದು ನಿಲ್ಲುವುದು ಅದಕ್ಕೆ ತಿಳಿಯಲಿ.

ಮನೆಯಲ್ಲಿ ಉರ್ದು, ಲಂಬಾಣಿ, ಕೊಂಕಣಿ ಆಡುವ ಮಕ್ಕಳೂ ನಮ್ಮ ಅಂಗನವಾಡಿಗಳಲ್ಲಿದ್ದಾರೆ. ಅವರಿಗೆ ಈ ಆಟ ಮನೆಮಾತಿನಲ್ಲೇ ಶುರುವಾಗಲಿ. ಸದ್ದು ಬಿಡಿಸುವ ಕೌಶಲ ಒಂದು ಭಾಷೆಯಲ್ಲಿ ಬಂದರೆ ಇನ್ನೊಂದಕ್ಕೂ ನೆರವಾಗುತ್ತದೆ.

ಆಟ ಎಷ್ಟು ಆಡಿಸಿದರೂ ಬಳೆ, ಬೆಳೆ ಒಂದೇ ಎನ್ನುತ್ತಿದ್ದರೆ ಕಿವಿ ಪರೀಕ್ಷೆ ಮಾಡಿಸಿ. ಶೀತ ಬಿಡದ, ಕಿವಿ ಸೋರುವ ಮಕ್ಕಳಿಗೆ ಎಷ್ಟೋ ಸಲ ಸದ್ದು ಮಂಕಾಗಿ ಕೇಳುತ್ತಿರುತ್ತದೆ. ಕರೆದರೆ ತಿರುಗಿ ನೋಡುವುದರಿಂದ ಮನೆಯವರಿಗೆ ಗೊತ್ತಾಗುವುದಿಲ್ಲ. ಕಿವಿಗೆ ಎಣ್ಣೆ ಬಿಡುವುದು ಬೇಡ, ಇಎನ್‌ಟಿ ವೈದ್ಯರಿಗೆ ತೋರಿಸಿ.