ಗೊತ್ತಿದ್ದೂ ತಪ್ಪು ಮಾಡುವವನು: ಗ್ರೀಕರ ಮುಗಿಯದ ಜಗಳ

ತತ್ವಶಾಸ್ತ್ರದ ತರಗತಿಯಲ್ಲಿ ಕೆಡುಕಿನ ಮಾತು ಬಂದರೆ ಮೊದಲು ಏಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ದೇವರಿದ್ದರೆ ಇಷ್ಟೆಲ್ಲ ಅನ್ಯಾಯ ಯಾಕೆ ಸರ್?’ ಗ್ರೀಕರಲ್ಲೂ ಈ ಚರ್ಚೆ ಇತ್ತು. ಲೋಕವೆಲ್ಲ ವಿವೇಕದ ನಿಯಮದಂತೆ ನಡೆಯುತ್ತದೆ ಎಂದು ನಂಬಿದ್ದ ಸ್ಟೋಯಿಕ್ ಪಂಥದವರಂತೂ ಇದಕ್ಕಾಗಿ ಸಾಕಷ್ಟು ತಲೆ ಕೆಡಿಸಿಕೊಂಡರು. ಆದರೆ ಅಥೆನ್ಸಿನಲ್ಲಿ ದೊಡ್ಡ ಜಗಳ ಎದ್ದದ್ದು ಇನ್ನೊಂದು ವಿಷಯಕ್ಕೆ. ತಪ್ಪು ಅಂತ ಗೊತ್ತಿದ್ದವನು ಅದನ್ನೇ ಯಾಕೆ ಮಾಡುತ್ತಾನೆ?

ಬೇಕಂತಲೇ ಯಾರೂ ಕೆಟ್ಟದ್ದು ಮಾಡುವುದಿಲ್ಲ ಎಂದ ಸಾಕ್ರಟೀಸ್. ಕೇಳಿದ ತಕ್ಷಣ ಸಿಟ್ಟು ಬರುತ್ತದೆ, ಅಲ್ವಾ? ಅವನ ವಾದ ಪ್ಲೇಟೋ ಬರೆದ ‘ಪ್ರೊಟಾಗೊರಸ್’ ಸಂವಾದದಲ್ಲಿದೆ. ಹತ್ತಿರದ ವಸ್ತು ದೊಡ್ಡದಾಗಿ ಕಾಣುತ್ತದೆ, ದೂರದ್ದು ಚಿಕ್ಕದಾಗಿ. ಸುಖ ದುಃಖಗಳೂ ಹಾಗೇ. ಇವತ್ತಿನ ಸುಖ ಕಣ್ಣು ತುಂಬುತ್ತದೆ, ನಾಳೆಯ ನೋವು ಚುಕ್ಕಿಯಷ್ಟಾಗುತ್ತದೆ. ಹಾಗಾಗಿ ಕೆಟ್ಟದ್ದು ಮಾಡುವವನು ಅಳತೆ ತಪ್ಪಿದವನು, ಅಷ್ಟೇ. ಕ್ರಿ.ಪೂ. 399ರಲ್ಲಿ ವಿಚಾರಣೆಗೆ ನಿಂತಾಗಲೂ ಸಾಕ್ರಟೀಸ್ ಇದೇ ವಾದ ಹೂಡಿದ್ದನ್ನು ಪ್ಲೇಟೋ ದಾಖಲಿಸಿದ್ದಾನೆ. ನಾನು ತಿಳಿಯದೆ ಯುವಕರನ್ನು ಕೆಡಿಸಿದ್ದರೆ ಕರೆದು ಬುದ್ಧಿ ಹೇಳಬೇಕಿತ್ತು, ಕೋರ್ಟಿಗೆ ಯಾಕೆ ಎಳೆದಿರಿ ಅಂತ. ನ್ಯಾಯಾಧೀಶರು ಒಪ್ಪಲಿಲ್ಲ, ವಿಷ ಕುಡಿಸಿದರು.

ಆದರೆ ಅದೇ ಊರಿನ ರಂಗದ ಮೇಲೆ ಕ್ರಿ.ಪೂ. 431ರಲ್ಲೇ ನಾಟಕಕಾರ ಯೂರಿಪಿಡೀಸ್‌ನ ಮೆಡಿಯ ಬಂದಿದ್ದಳು. ಗಂಡ ಮೋಸ ಮಾಡಿದ ಅಂತ ಸ್ವಂತ ಮಕ್ಕಳನ್ನೇ ಕೊಲ್ಲುತ್ತಾಳೆ. ಕೊಲ್ಲುವ ಮೊದಲು ಬಾಯಿಬಿಟ್ಟು ಹೇಳುತ್ತಾಳೆ: ಎಂಥ ಕೇಡು ಮಾಡಹೊರಟಿದ್ದೇನೆ ಅಂತ ಗೊತ್ತು, ಆದರೆ ನನ್ನ ಯೋಚನೆಗಿಂತ ಸಿಟ್ಟಿನ ಕೈ ಮೇಲಾಗಿದೆ. ಇವಳಿಗೆ ಯಾವ ಅಳತೆ ತಪ್ಪಿತ್ತು?

ಪ್ಲೇಟೋಗೂ ಗುರುವಿನ ಉತ್ತರ ಸಾಕಾಗಲಿಲ್ಲ ಅಂತ ಕಾಣುತ್ತದೆ. ‘ರಿಪಬ್ಲಿಕ್’ನ ನಾಲ್ಕನೇ ಭಾಗದಲ್ಲಿ ಲಿಯೋಂಟಿಯಸ್ ಎಂಬವನ ಕತೆ ಬರುತ್ತದೆ. ಪಿರೇಯಸ್ ಬಂದರಿನಿಂದ ಊರಿಗೆ ಬರುತ್ತಿದ್ದಾನೆ. ಉತ್ತರದ ಗೋಡೆಯ ಹೊರಗೆ, ಮರಣದಂಡನೆ ಜಾರಿ ಮಾಡುವವನ ಹತ್ತಿರ ಹೆಣಗಳು ಬಿದ್ದಿವೆ. ನೋಡಬೇಕು ಅನ್ನಿಸುತ್ತದೆ, ಅಸಹ್ಯವೂ ಆಗುತ್ತದೆ. ಮುಖ ಮುಚ್ಚಿಕೊಂಡು ಸ್ವಲ್ಪ ಹೊತ್ತು ತನ್ನೊಡನೆ ತಾನೇ ಗುದ್ದಾಡುತ್ತಾನೆ. ಕೊನೆಗೆ ಸೋತು, ಕಣ್ಣು ಅಗಲಿಸಿ ಹೆಣಗಳ ಕಡೆ ಓಡುತ್ತಾನೆ. ‘ತಗೊಳ್ಳಿ ಪಾಪಿಗಳಾ, ಈ ಚಂದದ ನೋಟ ಹೊಟ್ಟೆ ತುಂಬ ನೋಡಿ!’ ಅಂತ ಬೈಯುವುದು ತನ್ನ ಕಣ್ಣುಗಳನ್ನೇ. ಅಪಘಾತ ಕಂಡರೆ ಬೈಕು ನಿಧಾನ ಮಾಡುವ ನಮಗೆ ಇವನು ಹೊಸಬನಲ್ಲ. ಮನಸ್ಸು ಒಂದೇ ಆಗಿದ್ದರೆ ಅದು ತನಗೆ ತಾನೇ ಬೈದುಕೊಳ್ಳುವುದು ಹೇಗೆ? ಹಾಗಾಗಿ ಪ್ಲೇಟೋ ಮನಸ್ಸನ್ನು ಮೂರು ಭಾಗ ಮಾಡಿದ: ವಿವೇಕ, ರೋಷ, ಆಸೆ. ಈ ಕತೆಯಲ್ಲಿ ರೋಷ ವಿವೇಕದ ಪಕ್ಷ. ಮೆಡಿಯಳಲ್ಲಿ ಉಲ್ಟಾ. ಪ್ಲೇಟೋನ ಲೆಕ್ಕ ಇಲ್ಲಿ ಸ್ವಲ್ಪ ಸಲೀಸಾಯಿತು ಅಂತಲೇ ನನ್ನ ಅನಿಸಿಕೆ.

ಅರಿಸ್ಟಾಟಲ್ ಕೇಳಿದ್ದು ‘ಗೊತ್ತಿದೆ’ ಅಂದರೆ ಏನು ಅಂತ. ಕುಡಿದವನು ಹಳೆಯ ತತ್ವಜ್ಞಾನಿ ಕವಿ ಎಂಪೆಡೊಕ್ಲೀಸ್‌ನ ಪದ್ಯವನ್ನು ಅರ್ಥ ತಲೆಗೆ ಹೋಗದಿದ್ದರೂ ಸರಾಗವಾಗಿ ಹೇಳಿಬಿಡಬಹುದು. ಆಸೆಯ ಭರದಲ್ಲಿ ಇರುವವನ ತಿಳಿವಳಿಕೆಯೂ ಹಾಗೇ, ನಾಲಿಗೆಯ ಮೇಲೆ ಇರುತ್ತದೆ, ಮೈಗೆ ಹತ್ತಿರುವುದಿಲ್ಲ. ಸಾಕ್ರಟೀಸ್ ಹೇಳಿದ್ದು ಒಂದು ಮಟ್ಟಿಗೆ ನಿಜ ಅಂತಲೂ ಅವನು ಒಪ್ಪಿಕೊಳ್ಳುತ್ತಾನೆ.

ಹಾಗಾದರೆ ಇಂಥವರನ್ನು ಏನು ಮಾಡಬೇಕು? ಗುಲಾಮನಾಗಿದ್ದು ಆಮೇಲೆ ಗುರುವಾದ ಸ್ಟೋಯಿಕ್ ಎಪಿಕ್ಟೆಟಸ್, ಮೆಡಿಯಳ ಮೇಲೆ ಸಿಟ್ಟು ಬೇಡ, ಕುರುಡರನ್ನೋ ಕುಂಟರನ್ನೋ ಕಂಡಂತೆ ಮರುಕ ಪಡಿ ಅನ್ನುತ್ತಾನೆ. ಅವಳು ಮೋಸ ಹೋದವಳು, ಇದಕ್ಕಿಂತ ಒಳ್ಳೆಯ ದಾರಿ ಅವಳಿಗೆ ಯಾರೂ ತೋರಿಸಲಿಲ್ಲ ಎಂಬುದು ಅವನ ವಾದ. ದೊಡ್ಡ ಮನಸ್ಸಿನ ಮಾತು. ಆದರೆ ಸತ್ತ ಮಕ್ಕಳ ಕಡೆಯಿಂದ ನೋಡಿದರೆ ನನಗೆ ಇದು ಒಪ್ಪಿಗೆಯಾಗುವುದಿಲ್ಲ. ನಾನು ಅರಿಸ್ಟಾಟಲ್ ಕಡೆ. ಕುಡಿದು ತಪ್ಪು ಮಾಡಿದವನಿಗೆ ಎರಡು ಪಟ್ಟು ಶಿಕ್ಷೆ ಕೊಡುವ ಪದ್ಧತಿಯನ್ನು ಅವನು ನೆನೆಯುತ್ತಾನೆ. ಆ ಗಳಿಗೆಯಲ್ಲಿ ಕುಡಿದವನಿಗೆ ಏನೂ ತಿಳಿಯಲಿಲ್ಲ, ನಿಜ. ಕುಡಿಯದೇ ಇರುವುದು ಮಾತ್ರ ಅವನ ಕೈಯಲ್ಲೇ ಇತ್ತು.