ಓಸ್ಲೋ ಟ್ರಿಲಜಿ ಅಂದರೆ ಏನು?

ನಾರ್ವೆಯ ಈಗಿನ ಸಿನಿಮಾ ಬಗ್ಗೆ ಎಲ್ಲಿ ಓದಿದರೂ ‘ಓಸ್ಲೋ ಟ್ರಿಲಜಿ’ ಅನ್ನುವ ಮಾತು ಬಂದೇ ಬರುತ್ತದೆ. ಟ್ರಿಲಜಿ ಅಂದರೆ ಒಟ್ಟಾಗಿ ನೋಡಬೇಕಾದ ಮೂರು ಚಿತ್ರ. ಓಸ್ಲೋ ನಾರ್ವೆಯ ರಾಜಧಾನಿ. ಅಷ್ಟಕ್ಕೇ ಬಿಟ್ಟು ಭಾಗ ಒಂದು, ಭಾಗ ಎರಡು ಅಂತ ಹುಡುಕಲು ಹೋದರೆ ಕೈಗೆ ಏನೂ ಸಿಗುವುದಿಲ್ಲ. ಇಲ್ಲಿ ಕತೆ ಮುಂದುವರಿಯುವುದಿಲ್ಲ, ಪಾತ್ರಗಳೂ ಬೇರೆ ಬೇರೆ.

ನಿರ್ದೇಶಕ ಯೋಕಿಮ್ ಟ್ರಿಯರ್. ಎಸ್ಕಿಲ್ ವೋಗ್ಟ್ ಜೊತೆ ಕೂತು ಚಿತ್ರಕತೆ ಬರೆಯುತ್ತಾರೆ. ಚಿತ್ರಗಳು ‘ರಿಪ್ರೈಸ್’ (2006), ‘ಓಸ್ಲೋ, ಆಗಸ್ಟ್ 31’ (2011), ‘ದ ವರ್ಸ್ಟ್ ಪರ್ಸನ್ ಇನ್ ದ ವರ್ಲ್ಡ್’ (2021). ಮೊದಲನೆಯದಕ್ಕೂ ಕೊನೆಯದಕ್ಕೂ 15 ವರ್ಷದ ಅಂತರ. ಹಾಗಾದರೆ ಇವನ್ನು ಕಟ್ಟಿರುವ ದಾರ ಯಾವುದು? ಒಂದು ಊರು, ಒಂದು ಮುಖ.

ಮೊದಲು ಊರು. ‘ಆಗಸ್ಟ್ 31’ ಶುರುವಾಗುವುದು ಓಸ್ಲೋದ ಹಳೆಯ ದೃಶ್ಯಗಳಿಂದ. ಯಾರ್ಯಾರದೋ ದನಿಗಳು ಆ ಊರಿನ ತಮ್ಮ ನೆನಪುಗಳನ್ನು ಹೇಳುತ್ತಾ ಹೋಗುತ್ತವೆ. ಆಮೇಲೆ ನಾಯಕ ಆಂಡೆಶ್ ಬರುತ್ತಾನೆ. ಡ್ರಗ್ಸ್ ಚಟ ಬಿಡಿಸುವ ಕೇಂದ್ರದಿಂದ ಕೆಲಸದ ಸಂದರ್ಶನಕ್ಕೆಂದು ಒಂದು ದಿನ ಹೊರಗೆ ಬಂದವನು. ಒಂದು ಕೆಫೆಯಲ್ಲಿ ಒಬ್ಬನೇ ಕೂತು ಪಕ್ಕದ ಮೇಜುಗಳ ಮಾತಿಗೆ ಕಿವಿ ಕೊಡುತ್ತಾನೆ. ಒಬ್ಬ ಹುಡುಗಿ ತನ್ನ ಆಸೆಗಳ ಪಟ್ಟಿ ಓದುತ್ತಿದ್ದಾಳೆ: ಮದುವೆ, ಮಕ್ಕಳು, ಡಾಲ್ಫಿನ್‌ಗಳ ಜೊತೆ ಈಜುವುದು, ಒಂದು ಗಿಡ ನೆಡುವುದು. ಅವನು ಸುಮ್ನೆ ಕೇಳುತ್ತಾನೆ, ಅಷ್ಟೇ. ಇಡೀ ಊರು ಬದುಕುತ್ತಿದೆ, ತಾನು ಮಾತ್ರ ಹೊರಗೆ ಅನ್ನುವುದು ಒಂದು ಮಾತಿಲ್ಲದೆ ನಮಗೆ ತಾಗುತ್ತದೆ. ಕೊನೆಯಲ್ಲಿ ಅವನು ಆ ದಿನ ಓಡಾಡಿದ ಜಾಗಗಳನ್ನೇ ಕ್ಯಾಮೆರಾ ಮತ್ತೆ ತೋರಿಸುತ್ತದೆ. ಅಲ್ಲಿ ಅವನಿಲ್ಲ.

ಮೂರನೆಯ ಚಿತ್ರದಲ್ಲಿ ಅದೇ ಊರು ಹಬ್ಬದ ಹಾಗಿದೆ. ಗೆಳೆಯ ಕಾಫಿ ಬಗ್ಗಿಸುತ್ತಿರುವಾಗ ನಾಯಕಿ ಯೂಲಿ ಲೈಟಿನ ಸ್ವಿಚ್ ಒತ್ತುತ್ತಾಳೆ. ಎಲ್ಲವೂ ನಿಂತುಬಿಡುತ್ತದೆ. ಬೀದಿಯ ಜನ ಇದ್ದಲ್ಲೇ ಕಲ್ಲಾಗುತ್ತಾರೆ. ಅವಳೊಬ್ಬಳೇ ನಗುತ್ತಾ ಇನ್ನೊಬ್ಬನ ಕಡೆಗೆ ಓಡುತ್ತಾಳೆ. ಈ ಪಾತ್ರಕ್ಕೆ ರೆನಾಟೆ ರೈನ್ಸ್ವೆ 2021ರಲ್ಲಿ ಕಾನ್ ಚಿತ್ರೋತ್ಸವದ ಶ್ರೇಷ್ಠ ನಟಿ ಪ್ರಶಸ್ತಿ ಪಡೆದರು.

ಇನ್ನು ಮುಖ. ಆಂಡೆಶ್ ಡಾನಿಯೆಲ್ಸನ್ ಲೀ ಮೂರರಲ್ಲೂ ಇದ್ದಾರೆ. ನಟನೆಯ ಜೊತೆಗೆ ಡಾಕ್ಟರ್ ಕೆಲಸವನ್ನೂ ಮಾಡುವವರು. ‘ರಿಪ್ರೈಸ್’ನಲ್ಲಿ ಅವರು ತನ್ನ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ಗೆಳೆಯನ ಜೊತೆ ಅಂಚೆ ಡಬ್ಬಿಗೆ ಹಾಕುವ ಹುಡುಗ. ಮೂರನೆಯದರಲ್ಲಿ ನಲವತ್ತು ದಾಟಿದ ಕಾಮಿಕ್ಸ್ ಕಲಾವಿದ, ಕ್ಯಾನ್ಸರ್ ಬಂದಿದೆ. ಮುಟ್ಟಿ ನೋಡಬಹುದಾದ ಪುಸ್ತಕ, ರೆಕಾರ್ಡುಗಳ ನಡುವೆ ತಾನು ಬೆಳೆದದ್ದನ್ನು ನೆನೆಯುತ್ತಾನೆ. ಮೂರನ್ನೂ ಸಾಲಾಗಿ ನೋಡಿದವರಿಗೆ ಆಗ ನೆನಪಾಗುವುದು ಅಂಚೆ ಡಬ್ಬಿಯ ಮುಂದೆ ನಿಂತಿದ್ದ ಆ ಎಳೆಯ ಮುಖವೇ. ಮೇಕಪ್ಪಿನಿಂದ ತಂದ ವಯಸ್ಸಲ್ಲ ಅದು. ಈ ಮೂರನ್ನು ಒಂದೇ ಹೆಸರಿನಲ್ಲಿ ಕರೆಯುವುದು ಸರಿ ಅಂತ ನನಗೆ ಅನ್ನಿಸಿದ್ದು ಅಲ್ಲೇ.

ಈಗ ಒಂದು ಗೊಂದಲ ಇದೆ. ದಾಗ್ ಯೋಹಾನ್ ಹೌಗೆರುಡ್ ಅನ್ನುವ ಇನ್ನೊಬ್ಬ ನಾರ್ವೆ ನಿರ್ದೇಶಕ ‘ಸೆಕ್ಸ್’, ‘ಲವ್’, ‘ಡ್ರೀಮ್ಸ್’ ಅಂತ ಮೂರು ಚಿತ್ರ ಮಾಡಿದ್ದಾರೆ. ಅವೂ ಓಸ್ಲೋದವೇ, ಅವನ್ನೂ ಕೆಲವರು ಓಸ್ಲೋ ಟ್ರಿಲಜಿ ಅನ್ನುತ್ತಾರೆ. ಅಲ್ಲಿ ಓಟಕ್ಕಿಂತ ಮಾತು ಜಾಸ್ತಿ. ಚಿಮಣಿ ಗುಡಿಸುವ ಇಬ್ಬರು ಗಂಡಸರು ಕೂತು ಮನಸ್ಸು ಬಿಚ್ಚುವುದರಿಂದಲೇ ‘ಸೆಕ್ಸ್’ ಶುರು. ‘ಡ್ರೀಮ್ಸ್’ಗೆ 2025ರಲ್ಲಿ ಬರ್ಲಿನ್ ಚಿತ್ರೋತ್ಸವದ ಅತಿ ದೊಡ್ಡ ಪ್ರಶಸ್ತಿಯಾದ ‘ಚಿನ್ನದ ಕರಡಿ’ ಬಂತು. ನಾರ್ವೆಯ ಸಿನಿಮಾಕ್ಕೆ ಅದು ಮೊದಲ ಸಲ.

ಆದ್ದರಿಂದ ಈ ಪದ ಕಂಡಾಗ ಇಸವಿ ನೋಡಿಕೊಳ್ಳಿ. 2021ಕ್ಕೆ ಮುಗಿದಿದ್ದರೆ ಅದು ಟ್ರಿಯರ್ ಅವರದು, 2024ರಲ್ಲಿ ಶುರುವಾಗಿದ್ದರೆ ಹೌಗೆರುಡ್ ಅವರದು.